ಅಂತರಗಂಗೆಗೆ ಉಣಿಸುತ್ತಿದ್ದವರು ನಾವೇ

ನಮ್ಮೂರ ಕೆರೆಯಿಂದ ಮೂರು ಸಲ ಅಂತರಗಂಗೆ ಕಿತ್ತಿದ್ದೇವೆ. ಮೊದಲ ಎರಡು ಸಲವೂ ಸೋತೆವು.

ಹಿರಿಯರು ಅಂತರಗಂಗೆ ಎನ್ನುತ್ತಿದ್ದದ್ದು ಎಲೆಕೋಸಿನ ಹಾಗೆ ನೀರ ಮೇಲೆ ತೇಲುವ ಬೇರೊಂದು ಪುಟ್ಟ ಗಿಡವನ್ನು. ಅಮೆಜಾನ್ ಸೀಮೆಯಿಂದ ಬಂದ ಈ ನೇರಳೆ ಹೂವಿನ ಗಿಡಕ್ಕೂ ಅದೇ ಹೆಸರು ಅಂಟಿಕೊಂಡಿತು. ಹೂವು ಚಂದ, ಮೇಲಿನ ಎಸಳಿನಲ್ಲಿ ನವಿಲುಗಣ್ಣಿನಂಥ ಹಳದಿ ಬೊಟ್ಟು.

ಮೊದಲ ಸಲ ಬೇಸಿಗೆ ರಜೆಯಲ್ಲಿ ಊರಿನ 40 ಜನ ಸೊಂಟಮಟ್ಟದ ನೀರಿಗೆ ಇಳಿದೆವು. ಒಂದು ಗಿಡ ಎಳೆದರೆ ಅದರ ಕುಡಿ ಹಿಡಿದು ಇನ್ನೂ ನಾಲ್ಕೈದು ಬರುತ್ತಿದ್ದವು. ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಸಂಜೆಯ ಹೊತ್ತಿಗೆ ಯಾರ ತೋಳಲ್ಲೂ ಶಕ್ತಿ ಉಳಿದಿರಲಿಲ್ಲ. ಕಿತ್ತದ್ದನ್ನು ಏರಿಯ ಒಳಮೈಯಲ್ಲೇ ರಾಶಿ ಹಾಕಿ ಮನೆಗೆ ಹೋದೆವು. ಮಳೆ ಬಿದ್ದು ನೀರು ಏರಿದಾಗ, ರಾಶಿಯ ಅಡಿಯಲ್ಲಿ ಹಸಿಯಾಗಿ ಉಳಿದಿದ್ದವೆಲ್ಲ ತೇಲಿಕೊಂಡು ಕೆರೆಗೆ ವಾಪಸ್ಸು ಹೋದವು.

ಎರಡನೆಯ ಸಲ ಚಂದಾ ಎತ್ತಿ ಹಿಟಾಚಿ ತರಿಸಿದೆವು. ನಾಲ್ಕೇ ದಿನಕ್ಕೆ ನೀರು ಕಂಡಿತು. ಆದರೆ ಹಿಟಾಚಿ ಅಂಚಿನ ಆಪನ್ನೂ ಬಾಚಿ ಹಾಕಿತ್ತು. ಕೆಸರಿನ ಗುಡ್ಡೆಯಲ್ಲಿ ಜಂಬುಕೋಳಿಯ ಒಡೆದ ಮೊಟ್ಟೆಗಳನ್ನು ಕಂಡ ಆ ಸಂಜೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬೆಚ್ಚನೆಯ ಗೊಬ್ಬರದ ನೀರಿನಲ್ಲಿ ಅಂತರಗಂಗೆ ಎರಡು ವಾರಕ್ಕೇ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ 10 ಗಿಡ ಉಳಿದರೂ ಐದು ತಿಂಗಳೊಳಗೆ 10,000 ದಾಟುತ್ತದೆ. ನಮ್ಮಲ್ಲಿ ಉಳಿದದ್ದು ಹತ್ತಲ್ಲ.

ಇದನ್ನು ತಿನ್ನುವ ನಿಯೊಕೆಟಿನಾ ಎಂಬ ಸೊಂಡಿಲ ಕೀಟವನ್ನು 1980ರ ದಶಕದಲ್ಲೇ ಬೆಂಗಳೂರಿನ ವಿಜ್ಞಾನಿಗಳು ಕೆರೆಗಳಿಗೆ ಬಿಟ್ಟಿದ್ದರು. ನಮ್ಮ ಕೆರೆಯ ಎಲೆಗಳ ಮೇಲೂ ಅದು ಕೆರೆದ ಗುರುತುಗಳಿದ್ದವು. ಆದರೂ ಗಿಡ ಬಗ್ಗುತ್ತಿರಲಿಲ್ಲ. ಯಾಕೆಂದು ತೋರಿಸಿಕೊಟ್ಟವರು ಊರಿನ ನೀರುಗಂಟಿ ಅಜ್ಜ. ಎರಡು ಗಿಡ ಕಿತ್ತು ತಂದು ನನ್ನ ಮುಂದಿಟ್ಟರು. ಊರ ಚರಂಡಿ ಬಂದು ಸೇರುವ ಕಡೆಯದು ನನ್ನ ಎದೆಮಟ್ಟ, ಬೇರು ಮಾತ್ರ ಗಿಡ್ಡ. ಕೋಡಿಯ ಕಡೆಯದು ಗೇಣುದ್ದ, ಬುರುಡೆ ತೊಟ್ಟು, ಬೇರು ಮೊಳದುದ್ದ. ಒಂದಕ್ಕೆ ಕೂತಲ್ಲೇ ಊಟ, ಇನ್ನೊಂದು ಬೇರು ಚಾಚಿ ಹುಡುಕಬೇಕು. “ಮೇವು ಹಾಕ್ತಾನೇ ಇದ್ರೆ ದನ ಯಾಕ್ ಬಡವಾಗ್ತದೆ ಮೇಷ್ಟ್ರೇ?” ಅಂದರು. ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಆ ಎರಡು ಬೇರುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಹೊಳೆದಿರಲಿಲ್ಲ. ಆ ಚರಂಡಿಗೆ ನನ್ನ ಮನೆಯ ಬಚ್ಚಲ ನೀರೂ ಸೇರುತ್ತಿತ್ತು.

ಮೂರನೆಯ ಸಲ ಒಂದು ವರ್ಷ ಗಿಡ ಮುಟ್ಟಲೇ ಇಲ್ಲ. ಚರಂಡಿಯ ಬಾಯಿಗೆ ಒಂದರ ಹಿಂದೊಂದು ಎರಡು ಹೊಂಡ ತೋಡಿ, ಕೊಳೆ ಅಲ್ಲಿ ತಂಗುವ ಹಾಗೆ ಮಾಡಿ, ಸುತ್ತ ಆಪು ನೆಟ್ಟೆವು. ಮನೆಮನೆಗೆ ಹೋಗಿ ಸಗಣಿ, ಗಂಜಲ ಚರಂಡಿಗೆ ಬಿಡಬೇಡಿ ಎಂದು ಕೇಳಿಕೊಂಡೆವು. ಅದು ಗಿಡ ಕೀಳುವುದಕ್ಕಿಂತ ಕಷ್ಟದ ಕೆಲಸ. ಆಮೇಲೆ ಬಿದಿರು ಕಟ್ಟಿ ಕೆರೆಯನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಒಂದು ಪಟ್ಟಿ ಪೂರ್ತಿ ಮುಗಿಯದೆ ಮುಂದಿನದಕ್ಕೆ ಕೈ ಹಾಕಲಿಲ್ಲ. ಕಿತ್ತದ್ದೆಲ್ಲ ಟ್ರ್ಯಾಕ್ಟರಿನಲ್ಲಿ ಏರಿಯಾಚೆ ಹೋಗಿ, ಒಣಗಿ, ತೆಂಗಿನ ಬುಡಕ್ಕೆ ಮುಚ್ಚಿಗೆಯಾಯಿತು.

ಬೀಜ ಕೆಸರಿನಲ್ಲಿ 15-20 ವರ್ಷ ಜೀವ ಹಿಡಿದಿರಬಲ್ಲದು. ಹಾಗಾಗಿ ಪ್ರತಿ ಭಾನುವಾರ ಬೆಳಗ್ಗೆ ಅಂಚು ಸುತ್ತುತ್ತೇವೆ. ಎಳೆಯ ಸಸಿ ಹುಲ್ಲಿನ ಎಸಳಿನಂತಿರುತ್ತದೆ, ನನ್ನ ಕಣ್ಣಿಗೆ ಬೀಳುವುದಿಲ್ಲ. ಅಜ್ಜನ ಮೊಮ್ಮಗಳು ಕೂತು ಕೂತು ಹುಡುಕುತ್ತಾಳೆ. ಮೊನ್ನೆ ಅವಳಿಗೆ 17 ಸಿಕ್ಕವು. ಚರಂಡಿ ಬಾಯಿಯ ಆಪಿನೊಳಗೆ ಜಂಬುಕೋಳಿ ಕೂಗುತ್ತಿತ್ತು. ಆ ಕಡೆ ನಾವು ಇಳಿಯಲಿಲ್ಲ.