ಬೆಲ್ ಆಗುವ ಹೊತ್ತಿಗೆ ಒಲೆ ಆರಿರಲಿ

ಪ್ರಶ್ನೆ: ನಾವು ಶಿವಮೊಗ್ಗದವರು. ಗಂಡನ ಕೆಲಸಕ್ಕಾಗಿ ಕಳೆದ ವರ್ಷ ಚೆನ್ನೈಗೆ ಬಂದು ವೇಳಚೇರಿಯ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಅಕ್ಕಪಕ್ಕದವರೆಲ್ಲ ಒಬ್ಬರಾದ ಮೇಲೊಬ್ಬರು ಕರೆದು ಕಾಫಿ, ತಿಂಡಿ ಕೊಟ್ಟಿದ್ದಾರೆ. ಈಗ ನಾನು ಕರೆಯದಿದ್ದರೆ ಚೆನ್ನಾಗಿರುವುದಿಲ್ಲ. ಮುಂದಿನ ತಿಂಗಳು ಒಂದು ಭಾನುವಾರ ಸಂಜೆ 4.30ಕ್ಕೆ 15 ಜನರನ್ನು ಟೀಗೆ ಕರೆಯೋಣವೆಂದು 11 ತಿಂಡಿಗಳ ಪಟ್ಟಿ ಮಾಡಿದ್ದೇನೆ. ಇರುವುದು ಎರಡೇ ಬರ್ನರ್. ಬರುವವರಲ್ಲಿ ಮೈಲಾಪುರದ ಇಬ್ಬರು ಮಾಮಿಯರು, ಒಂದು ಮಾರ್ವಾಡಿ ಜೈನ ಕುಟುಂಬ, ಸಕ್ಕರೆ ಕಾಯಿಲೆಯವರು ಎಲ್ಲ ಇದ್ದಾರೆ. ನನ್ನ ತಮಿಳು ತರಕಾರಿಯವನ ಹತ್ತಿರ ಮಾತ್ರ ನಡೆಯುವಂಥದ್ದು. ಗಂಡ ‘ಹೊರಗಿನಿಂದ ತರಿಸೋಣ’ ಅನ್ನುತ್ತಾರೆ. ಅತ್ತೆ ‘ಮಾಡಿದರೆ ಮನೆಯಲ್ಲೇ ಮಾಡು, ಇಲ್ಲದಿದ್ದರೆ ಕರೆಯಲೇಬೇಡ’ ಅನ್ನುತ್ತಾರೆ. ನಿದ್ದೆ ಬರುತ್ತಿಲ್ಲ.
– ಓದುಗರು, ಚೆನ್ನೈ

ಉತ್ತರ: ಮೊದಲು ದಿನ ಬದಲಿಸಿ. ಭಾನುವಾರ ಸಂಜೆ 4.30ರಿಂದ 6ರವರೆಗೆ ರಾಹುಕಾಲ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಅದು ಬೇರೆ ಮಾತು. ತಮಿಳರ ಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ನೋಡಿರುತ್ತೀರಿ, ರಾಹುಕಾಲ ಅದರಲ್ಲಿ ನಿತ್ಯ ಅಚ್ಚಾಗಿರುತ್ತದೆ. ನಿಮ್ಮ ಮಾಮಿಯರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ 4ಕ್ಕೇ ಬಂದು ಬೆಲ್ ಒತ್ತುತ್ತಾರೆ, ಇಲ್ಲವೇ 6 ದಾಟಿಸಿ ಬರುತ್ತಾರೆ. ಶನಿವಾರ ಆ ಕಾಟ ಬೆಳಿಗ್ಗೆ 9ಕ್ಕೆ ಶುರುವಾಗಿ 10.30ಕ್ಕೇ ಮುಗಿಯುತ್ತದೆ. ಶನಿವಾರ 4 ಗಂಟೆ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ತಿನ್ನದ ಜೈನರಿಗೂ ಅದೇ ಅನುಕೂಲ. ಚೆನ್ನೈಯಲ್ಲಿ ವರ್ಷದ ಬಹುಪಾಲು ಸೂರ್ಯ 6ರ ಆಸುಪಾಸಿನಲ್ಲೇ ಮುಳುಗುತ್ತಾನೆ. ಒಂದು ಎಚ್ಚರ: ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಪುರಟ್ಟಾಸಿ ತಿಂಗಳು, ಅದರ ಶನಿವಾರಗಳು ಪೆರುಮಾಳಿಗೆ ಮೀಸಲು. ಆಗ ಕರೆಯುವುದಾದರೆ ಯಾರಿಗೆ ಉಪವಾಸ ಎಂದು ಮುಂಚೆಯೇ ಕೇಳಿಬಿಡಿ.

ಇನ್ನು ಆ 11 ತಿಂಡಿಗಳ ವಿಷಯ. ಅಷ್ಟು ಮಾಡುವವರು ಸಂಜೆಯಿಡೀ ಅಡುಗೆಮನೆಯಲ್ಲೇ ಇರಬೇಕಾಗುತ್ತದೆ. ನನ್ನ ಗುಮಾನಿ, ನಿಮಗೆ ಬೇಕಾಗಿರುವುದೂ ಅದೇ. ತಮಿಳು ಬಾರದ ಅಳುಕಿಗೆ ಒಲೆಯ ಮುಂದಿನ ಜಾಗದಷ್ಟು ಒಳ್ಳೆಯ ಅಡಗುತಾಣ ಇನ್ನೊಂದಿಲ್ಲ. ‘ಅಯ್ಯೋ ಪಾಪ, ಎಷ್ಟು ಕೆಲಸ’ ಎಂದುಕೊಂಡು ಎಲ್ಲರೂ ಹೊರಡುತ್ತಾರೆ, ನಿಮ್ಮ ಪರಿಚಯ ಮಾತ್ರ ಯಾರಿಗೂ ಆಗಿರುವುದಿಲ್ಲ. ಹಾಗಾಗಿ ನನ್ನದು ಒಂದೇ ಷರತ್ತು: ಮೊದಲ ಬೆಲ್ ಆಗುವ ಹೊತ್ತಿಗೆ ಎಣ್ಣೆಯ ಬಾಣಲೆ ಒಲೆಯಿಂದ ಇಳಿದಿರಬೇಕು. ಈ ಷರತ್ತಿಗೆ ಒಗ್ಗದ ತಿಂಡಿಯನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿ. ಬಜ್ಜಿ, ಬೋಂಡ, ದೋಸೆ ಮೊದಲೇ ಹೋಗುತ್ತವೆ. ಇಡ್ಲಿ, ಉದ್ದಿನ ವಡೆಯೂ ಬೇಡ. ಅವು ಅವರೂರಿನವೇ, ಹೋಲಿಸಿ ನೋಡಲು ನೀವೇ ಯಾಕೆ ಆಹ್ವಾನ ಕೊಡುತ್ತೀರಿ?

ಉಳಿಯಲಿ ನಾಲ್ಕು. ಮದ್ದೂರು ವಡೆ, ಕೊಡುಬಳೆ, ಹೆಸರುಬೇಳೆ ಕೋಸಂಬರಿ, ಒಂದು ಸಿಹಿ. ಮದ್ದೂರು ವಡೆ ರೈಲ್ವೆ ಸ್ಟೇಷನ್ನಿನ ತಿಂಡಿ, ತಣ್ಣಗೆ ತಿನ್ನಲೆಂದೇ ಹುಟ್ಟಿದ್ದು. ಸಣ್ಣ ರವೆ, ಅಕ್ಕಿ ಹಿಟ್ಟು, ಮೈದಾ ಮೂರನ್ನೂ ಬೆರೆಸಿ ಚೆನ್ನಾಗಿ ಕಾದ ಎಣ್ಣೆ ಹಾಕಿ ಬೆರಳಲ್ಲಿ ಉಜ್ಜಿ. ಹಿಡಿ ಕಟ್ಟಿದರೆ ನಿಲ್ಲಬೇಕು, ತಟ್ಟಿದರೆ ಉದುರಬೇಕು. ಈರುಳ್ಳಿಯನ್ನು ಉಪ್ಪಿನ ಜೊತೆ ಹಿಸುಕಿ ಹಾಕಿದರೆ ಅದರ ನೀರಿನಲ್ಲೇ ಹಿಟ್ಟು ಅರ್ಧ ಕಲಸಿಕೊಳ್ಳುತ್ತದೆ, ಮೇಲೆ ನೀರು ಚಿಮುಕಿಸಿದರೆ ಸಾಕು. ಅವಸರ ಮಾಡಿ ಉರಿ ಜೋರು ಮಾಡಿದರೆ ಹೊರಗೆ ಕೆಂಪು, ಒಳಗೆ ಹಸಿ. ಜೈನರಿಗೆಂದು ಈರುಳ್ಳಿ ಹಾಕದ ಹಿಟ್ಟನ್ನು ಮೊದಲೇ ಬೇರೆ ತೆಗೆದಿಟ್ಟು, ಅದನ್ನೇ ಮೊದಲು ಕರಿಯಿರಿ. ಈರುಳ್ಳಿ ಬಿದ್ದ ಎಣ್ಣೆಯಲ್ಲಿ ಆಮೇಲೆ ಕರಿದರೆ ಅವರು ಮುಟ್ಟಲಾರರು. 3 ಗಂಟೆಗೆ ಮುಗಿಸಿ ಕಿಟಕಿ ತೆರೆದಿಟ್ಟರೆ 4ಕ್ಕೆ ಹಾಲಿನಲ್ಲಿ ಎಣ್ಣೆ ಹೊಗೆ ಇರುವುದಿಲ್ಲ. ಇದಕ್ಕೆ ಚಟ್ನಿಯೂ ಬೇಡ. ಚೆನ್ನೈಯ ಸೆಕೆಯಲ್ಲಿ ಕಾಯಿ ಚಟ್ನಿ ಎಷ್ಟು ಬೇಗ ಹಳಸುತ್ತದೆಂದು ಇಷ್ಟರಲ್ಲಿ ನಿಮಗೇ ಗೊತ್ತಾಗಿರಬೇಕು.

ಕೊಡುಬಳೆಯನ್ನು ಎರಡು ದಿನ ಮೊದಲೇ ಮಾಡಬಹುದು, ಆದರೆ ಸಮುದ್ರದ ಗಾಳಿಗೆ ಅದು ಮೆತ್ತಗಾಗಲು ಅರ್ಧ ಗಂಟೆ ಸಾಕು. ಜನ ಕೂತ ಮೇಲೆ ಡಬ್ಬಿ ತೆಗೆಯಿರಿ. ಕೋಸಂಬರಿ ಸಕ್ಕರೆ ಕಾಯಿಲೆಯವರಿಗೂ ಆಯಿತು, ಜೈನರಿಗೂ ಆಯಿತು. ಕ್ಯಾರೆಟ್ ಬಿಟ್ಟು ಸೌತೆಕಾಯಿ ಮಾತ್ರ ಹಾಕಿ, ಉಪ್ಪು ಬಡಿಸುವ ಮುಂಚೆ. ಸಿಹಿಯನ್ನು ಅಂಗಡಿಯಿಂದ ತನ್ನಿ. ನಿಮ್ಮವರ ಮಾತೂ ಒಂದಿಷ್ಟು ನಡೆಯಲಿ.

‘ಇಷ್ಟೇನಾ’ ಎಂದು ಮಾಮಿಯರು ಅಂದುಕೊಂಡಾರೆಂಬ ಭಯವೇ? ಅವರ ಊರಿಗೆ ಟಿಫನ್ನಿನ ಚಟ ಹತ್ತಿಸಿದವರಲ್ಲಿ ಉಡುಪಿ ಕಡೆಯವರ ಪಾಲು ದೊಡ್ಡದು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದರು. ಕೆಥೆಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಬಗ್ಗೆ ಅರವತ್ತು ದಾಟಿದ ಯಾವ ಮದರಾಸಿನವರನ್ನಾದರೂ ಕೇಳಿ, ಅರ್ಧ ಗಂಟೆ ನಿಮಗೆ ಮಾತೇ ಬೇಕಾಗುವುದಿಲ್ಲ. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಮಾತು ಶುರು ಮಾಡಲು ವಿಷಯ ಬೇಕಿದ್ದರೆ ಇದೇ ಇರಲಿ.

ಟೀ ಎಂದು ಕರೆದರೂ ಚೆನ್ನೈಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಫಿಯನ್ನೇ ಕೇಳುತ್ತಾರೆ. ಎರಡಕ್ಕೂ ಕ್ಯಾನ್ ನೀರನ್ನೋ ಆರ್‌ಒ ನೀರನ್ನೋ ಬಳಸಿ; ಬೋರ್‌ವೆಲ್ ನೀರಿನ ಗಡಸಿಗೆ ಟೀ ಮೇಲೆ ಕೆನೆಯಲ್ಲದ ಒಂದು ಪೊರೆ ಕಟ್ಟುತ್ತದೆ. 100 ಗ್ರಾಂ ಕಾಫಿ ಪುಡಿ, ಅರ್ಧ ಲೀಟರ್ ಹಾಲಿನ ಐದು ಪ್ಯಾಕೆಟ್ ಇದ್ದರೆ ಎರಡನೇ ಸುತ್ತಿಗೂ ಸಾಲುತ್ತದೆ. ಡಿಕಾಕ್ಷನ್ ಮಧ್ಯಾಹ್ನವೇ ಇಳಿಸಿಡಿ. ಟೀಯನ್ನೂ ಹಾಲಿಲ್ಲದೆ ಗಟ್ಟಿಯಾಗಿ ನಾಲ್ಕೈದು ನಿಮಿಷ ಕುದಿಸಿ, ಸೋಸಿ ಫ್ಲಾಸ್ಕಿಗೆ ಹಾಕಿ. ಸೊಪ್ಪು ಅದರಲ್ಲೇ ಬಿಟ್ಟರೆ ಒಗರು. ಶುಂಠಿ ಹಾಕುವುದಾದರೆ ನೀರಿನಲ್ಲೇ ಕುದಿಸಿ. ಹಸಿ ಶುಂಠಿ ನೇರ ಹಾಲಿಗೆ ಬಿದ್ದರೆ ಒಡೆಯುತ್ತದೆ, ಜೊತೆಗೆ ಗೆಡ್ಡೆ ಬಿಟ್ಟ ಜೈನರು ಅದನ್ನು ಕುಡಿಯುವುದೂ ಇಲ್ಲ. ಸಕ್ಕರೆ ಬೇರೆ ಬಟ್ಟಲಲ್ಲಿರಲಿ. ಹಾಲು ಬಿಸಿ ಮಾಡಿ ಬೆರೆಸಿಕೊಡುವ ಕೆಲಸ ನಿಮ್ಮ ಗಂಡನದು. ಹೊರಗಿನಿಂದ ತರಿಸೋಣ ಎನ್ನುವವರಿಗೆ ಇಷ್ಟಾದರೂ ಗೊತ್ತಿರಲೇಬೇಕು.

ಕರೆಯುವಾಗ ವಾಟ್ಸ್ಆಪ್ ಗುಂಪಿಗೆ ಒಂದು ಮೆಸೇಜ್ ಹಾಕಿ ಮುಗಿಸಬೇಡಿ. ಮನೆ ಬಾಗಿಲಿಗೆ ಹೋಗಿ ಕರೆಯಿರಿ. ಅಲ್ಲೇ ‘ಏನು ತಿನ್ನುವುದಿಲ್ಲ’ ಎಂದೂ ಕೇಳಬಹುದು. ಹೊರಡುವಾಗ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣಿನ ಚೀಲ ಎಲ್ಲರ ಕೈಗೂ ಒಂದೇ ಥರ ಕೊಡಿ. ಗಂಡನಿಲ್ಲದವರು, ಬೇರೆ ಧರ್ಮದವರು ಎಂದು ಎಣಿಸಿ ಕೊಡುವ ಪದ್ಧತಿ ನಿಮ್ಮ ಮನೆಯಲ್ಲಿ ಬೇಡ. ಕುಂಕುಮದ ಬಟ್ಟಲು ಬಾಗಿಲ ಬಳಿ ಇರಲಿ, ಬೇಕಾದವರು ಇಟ್ಟುಕೊಳ್ಳುತ್ತಾರೆ.

ತಮಿಳಿನ ವಿಷಯಕ್ಕೆ ಬರೋಣ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಬಂದರೆ ‘ವಾಂಗ, ಉಕ್ಕಾರುಂಗ’ (ಬನ್ನಿ, ಕೂತ್ಕೊಳ್ಳಿ) ಎನ್ನಲು ಏನು ಕಷ್ಟ? ಬರುವವರಲ್ಲಿ ನಿಮಗೆ ಹೆಚ್ಚು ಸಲುಗೆ ಇರುವ ಒಬ್ಬರನ್ನು ಅರ್ಧ ಗಂಟೆ ಮೊದಲೇ ಬರಹೇಳಿ. ತಟ್ಟೆ ಜೋಡಿಸಲು ಎಂದು ಕರೆಯಿರಿ, ಪರಿಚಯ ಮಾಡಿಸುವ ಕೆಲಸವನ್ನೂ ಅವರೇ ವಹಿಸಿಕೊಳ್ಳುತ್ತಾರೆ. ನಿಮ್ಮ ತಪ್ಪು ತಮಿಳಿಗೆ ಅವರು ನಕ್ಕರೆ ನಕ್ಕುಬಿಡಲಿ. ತಿದ್ದಿ ಹೇಳಿಕೊಡುವ ಖುಷಿಯೂ ಅತಿಥಿಗಳಿಗೆ ಸಲ್ಲಬೇಕಾದದ್ದೇ.

ಅತ್ತೆಯವರಿಗೆ ಕೊಡುಬಳೆ ವಹಿಸಿಬಿಡಿ. ಮನೆಯಲ್ಲೇ ಮಾಡಬೇಕು ಎಂದವರು ಅವರು. ಜೊತೆಗೆ ಹಾಲಿನಲ್ಲಿ ಮಾಮಿಯರ ಪಕ್ಕದ ಕುರ್ಚಿಯೂ ಅವರಿಗೇ ಇರಲಿ. ಖಾರ ಎಷ್ಟು, ಎಣ್ಣೆ ಎಷ್ಟು ಎಂಬ ಚರ್ಚೆಗೆ ಆ ಮೂವರಿಗೂ ಭಾಷೆ ಅಡ್ಡ ಬರಲಾರದು.