ಎಷ್ಟು ಎತ್ತರ ಸಾಕು? ಬೆಟ್ಟ ಹತ್ತಿ ಚಿತ್ರ ತೆಗೆಯುವವರಿಗೆ

ಹಂಪಿಗೆ ಹೋಗಿ ಬಂದವರ ಫೋನಿನಲ್ಲಿ ಮತಂಗ ಬೆಟ್ಟದ ತುದಿಯಿಂದ ತೆಗೆದ ಚಿತ್ರ ಒಂದಾದರೂ ಇರುತ್ತದೆ. ಮೇಲರ್ಧ ಬೆಳ್ಳಗೆ ಬಿಳಿಚಿದ ಆಕಾಶ, ಕೆಳಗರ್ಧ ಕಂದು ಬಂಡೆ, ನಡುವೆ ಎಲ್ಲೋ ಕಡ್ಡಿಯಷ್ಟು ವಿರೂಪಾಕ್ಷ ಗೋಪುರ. ತೋರಿಸುವವರು ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿ ‘ಇಲ್ಲಿದೆ ನೋಡಿ’ ಎನ್ನಬೇಕಾಗುತ್ತದೆ. ಕತ್ತಲಲ್ಲಿ ಎದ್ದು, ಏದುಸಿರು ಬಿಟ್ಟು ಹತ್ತಿದ್ದಕ್ಕೆ ಇಷ್ಟೇನಾ ಎಂದು ಅನೇಕರು ಕ್ಯಾಮೆರಾವನ್ನು ದೂರುತ್ತಾರೆ. ಇನ್ನು ಕೆಲವರು ಹೊಸ ಫೋನಿನ ಬೆಲೆ ವಿಚಾರಿಸುತ್ತಾರೆ. ಆದರೆ ತಪ್ಪು ಇರುವುದು ಅದಕ್ಕೂ ಮೊದಲು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿದ ಕ್ಷಣದಲ್ಲಿ. ಎತ್ತರ ಹೆಚ್ಚಿದಷ್ಟೂ ಚಿತ್ರ ಚೆನ್ನಾಗಿರುತ್ತದೆ ಎಂಬ ನಂಬಿಕೆಯೇ ಇದರ ಮೂಲ. ಎತ್ತರವೂ ಬೆಳಕಿನ ಹಾಗೆ ಅಳತೆಯಲ್ಲಿ ಬೇಕಾದ ವಸ್ತು. ಎಷ್ಟು ಬೇಕು ಎಂಬುದನ್ನು ನೀವು ತೆಗೆಯಹೊರಟ ವಿಷಯ ಹೇಳಬೇಕೇ ಹೊರತು ಬೆಟ್ಟದ ನೆತ್ತಿಯಲ್ಲ.

ಮೊದಲು ಜಾಗದ ಪರಿಚಯ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯಲ್ಲಿ ಮತಂಗ ಬೆಟ್ಟ ಸರಿಸುಮಾರು ನಟ್ಟನಡುವೆ ಇದೆ; ನೆತ್ತಿಯ ಮೇಲೆ ವೀರಭದ್ರನ ಗುಡಿ. ಪಶ್ಚಿಮಕ್ಕೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ವಿರೂಪಾಕ್ಷ ದೇವಾಲಯ, ಅಲ್ಲಿಂದ ಬೆಟ್ಟದ ಬುಡದಲ್ಲಿರುವ ‘ಎದುರು ಬಸವಣ್ಣ’ ಎಂಬ ನಂದಿಯವರೆಗೆ ನೇರವಾಗಿ ಬರುವ ಬಜಾರು. ಈಶಾನ್ಯಕ್ಕೆ ಬೆಟ್ಟಕ್ಕೆ ಹತ್ತಿಕೊಂಡೇ ಅಚ್ಯುತರಾಯ ದೇವಾಲಯ, ಅದರ ಮುಂದೆ ಉತ್ತರಕ್ಕೆ ಹೊಳೆಯ ಕಡೆ ಸಾಗುವ ಇನ್ನೊಂದು ಬಜಾರು. ವಿರೂಪಾಕ್ಷನ ದಕ್ಷಿಣಕ್ಕೆ ತಗ್ಗಾದ ಹೇಮಕೂಟ. ಈ ನಕ್ಷೆ ತಲೆಯಲ್ಲಿದ್ದರೆ ಸಾಕು; ಉಳಿದ ಇತಿಹಾಸವನ್ನು ಗೈಡ್ ಹೇಳುತ್ತಾರೆ.

ಈಗ ಮೊದಲ ಹೆಜ್ಜೆ: ನಿಮ್ಮ ವಿಷಯ ನಿಂತಿರುವುದೋ, ಹಾಸಿರುವುದೋ ಎಂದು ಕೇಳಿಕೊಳ್ಳಿ. ಗೋಪುರ, ಕಂಬ, ವಿಗ್ರಹ, ಒಂಟಿ ಬಂಡೆ ಇವೆಲ್ಲ ನಿಂತಿರುವಂಥವು. ಇವುಗಳ ಸೊಗಸು ಎತ್ತರದಲ್ಲಿದೆ. ಬಜಾರು, ಪ್ರಾಕಾರ, ಹೊಳೆಯ ತಿರುವು, ಗದ್ದೆ ಬಯಲು ಹಾಸಿರುವಂಥವು. ಇವುಗಳ ಸೊಗಸು ವಿನ್ಯಾಸದಲ್ಲಿದೆ. ಇಲ್ಲಿ ನೆರವಿಗೆ ಬರುವ ಸರಳ ಸತ್ಯವೊಂದಿದೆ: ದಿಗಂತ ಯಾವಾಗಲೂ ನೋಡುವವನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ನೀವು ಮೇಲೇರಿದಂತೆ ಅದೂ ಏರುತ್ತದೆ. ಯಾವುದರ ತುದಿ ಆ ಮಟ್ಟವನ್ನು ದಾಟಿ ಮೇಲೆ ಕಾಣುತ್ತದೋ ಅದು ನಿಮಗಿಂತ ಎತ್ತರ. ಯಾವುದು ಪೂರ್ತಿ ಅದರ ಕೆಳಗೆ ಉಳಿಯುತ್ತದೋ ಅದು ನಿಮಗಿಂತ ಗಿಡ್ಡ. ಚಿತ್ರ ನೋಡುವವರಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೂ ಕಣ್ಣು ಅದನ್ನು ಮಾಡಿಯೇ ತೀರುತ್ತದೆ. ಸುಮಾರು 50 ಮೀಟರ್ ಎತ್ತರದ ವಿರೂಪಾಕ್ಷ ಗೋಪುರ ಮತಂಗದ ನೆತ್ತಿಯಿಂದ ಆಟಿಕೆಯಂತೆ ಕಾಣಲು ದೂರ ಅರ್ಧ ಕಾರಣವಾದರೆ, ಇಡೀ ಗೋಪುರ ದಿಗಂತದ ಕೆಳಗೆ ಬಯಲಿನ ಬಣ್ಣದಲ್ಲಿ ಮುಳುಗುವುದು ಇನ್ನರ್ಧ ಕಾರಣ. ಅದೇ ಗೋಪುರವನ್ನು ಹೇಮಕೂಟದ ಬಂಡೆಗಳ ಮೇಲೆ ನಿಂತು ನೋಡಿ: ಬುಡ ಕಣ್ಣಿಗಿಂತ ಕೆಳಗೆ, ಶಿಖರ ಆಕಾಶದಲ್ಲಿ. ಅಂಗಳವೂ ಕಾಣುತ್ತದೆ, ಎತ್ತರವೂ ಉಳಿಯುತ್ತದೆ. ಅಚ್ಯುತರಾಯ ದೇವಾಲಯದ್ದು ಇದಕ್ಕೆ ತದ್ವಿರುದ್ಧ. ಒಂದರೊಳಗೊಂದು ಕೂತ ಎರಡು ಪ್ರಾಕಾರಗಳು, ಅವುಗಳಿಂದ ಬಾಣ ಬಿಟ್ಟಂತೆ ಹೊರಡುವ ಬೀದಿ — ಇದನ್ನು ನೆಲದಿಂದ ಎಷ್ಟು ಸುತ್ತಿದರೂ ಒಂದೇ ನೋಟದಲ್ಲಿ ಹಿಡಿಯಲಾಗದು. ಮತಂಗದ ತುದಿ ಇರುವುದೇ ಇಂಥ ವಿಷಯಕ್ಕೆ.

ಇದನ್ನು ಸ್ಥಳದಲ್ಲೇ ಪರೀಕ್ಷಿಸುವುದು ಕಷ್ಟವಲ್ಲ. ಫೋನ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಮತ್ತು ಲೆವೆಲ್ ಎರಡನ್ನೂ ಆನ್ ಮಾಡಿ. ಫೋನನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ನೆಟ್ಟಗೆ ಹಿಡಿದರೆ ಚೌಕಟ್ಟಿನ ನಡುಮಟ್ಟವೇ ನಿಮ್ಮ ಕಣ್ಣಿನ ಮಟ್ಟ. ಹಂಪಿಯಲ್ಲಿ ನಿಜವಾದ ದಿಗಂತ ದೂರದ ಗುಡ್ಡಗಳ ಹಿಂದೆ ಅಡಗಿರುವುದರಿಂದ ಈ ಉಪಾಯ ಇನ್ನೂ ಮುಖ್ಯ. ಗೋಪುರದ ಕಲಶ ನಡುಮಟ್ಟ ದಾಟುತ್ತಿದೆಯೇ? ಅಲ್ಲೇ ನಿಲ್ಲಿ. ಇಲ್ಲವೇ? ನೀವು ಅಗತ್ಯಕ್ಕಿಂತ ಹೆಚ್ಚು ಹತ್ತಿದ್ದೀರಿ. ಆದ್ದರಿಂದ ನೆತ್ತಿ ಮುಟ್ಟಿದ ಮೇಲೆ ಕ್ಯಾಮೆರಾ ತೆಗೆಯುವ ಅಭ್ಯಾಸ ಬಿಟ್ಟು, ದಾರಿಯಲ್ಲಿ ಅಗಲವಾದ ಬಂಡೆ ಸಿಕ್ಕಲ್ಲೆಲ್ಲ ಹಿಂದಿರುಗಿ ನೋಡಬೇಕು. ಬಸವಣ್ಣನ ಹಿಂದಿನ ಮೆಟ್ಟಿಲು ಹತ್ತಿ ಅಚ್ಯುತರಾಯ ದೇವಾಲಯದ ಕಡೆ ಇಳಿಯುವ ದಾರಿಯಂತೂ ನಡುವಿನ ಎತ್ತರದ ಒಳ್ಳೆಯ ಜಾಗ. ಮೇಲೆ ಹೋಗುವ ಆತುರದಲ್ಲಿ ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

‘ತುದಿಯಿಂದ ಎಲ್ಲವೂ ಕಾಣುತ್ತದಲ್ಲ, ಅದಕ್ಕೆ ತಾನೆ ಹತ್ತುವುದು?’ ಎಂದು ನೀವು ಕೇಳಬಹುದು. ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಕಣ್ಣು ಎಲ್ಲವನ್ನೂ ಒಟ್ಟಿಗೆ ನೋಡುವುದಿಲ್ಲ. ಹೊಳೆಯಿಂದ ಗೋಪುರಕ್ಕೆ, ಗೋಪುರದಿಂದ ಬಾಳೆ ತೋಟಕ್ಕೆ ಹಾರುತ್ತಾ ಒಂದೊಂದನ್ನೇ ಆರಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಆಯ್ಕೆ ಗೊತ್ತಿಲ್ಲ, ಅದನ್ನು ನಾವೇ ಮಾಡಿಕೊಡಬೇಕು. ಇಲ್ಲೇ ಬರುವುದು ಎಲ್ಲ ತಪ್ಪುಗಳಿಗೆ ತಾಯಿಯಾದ ತಪ್ಪು: ಫೋನಿನ 0.5 ಗುಂಡಿ. ವಿಶಾಲ ದೃಶ್ಯಕ್ಕೆ ವೈಡ್ ಲೆನ್ಸ್ ಎಂದು ಅಂಗಡಿಯವರೂ ಯೂಟ್ಯೂಬಿನವರೂ ಹೇಳಿಕೊಟ್ಟಿದ್ದಾರೆ. ಬೆಟ್ಟದ ಮೇಲೆ ಅದು ಬಹುಪಾಲು ಹಾನಿಯನ್ನೇ ಮಾಡುತ್ತದೆ. ಮಾತು ಬೇಡ, ಲೆಕ್ಕ ನೋಡಿ. 50 ಮೀಟರ್ ಎತ್ತರದ ಗೋಪುರ ಒಂದು ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಅಡ್ಡ ಚೌಕಟ್ಟಿನಲ್ಲಿ, 13 ಮಿ.ಮೀ.ಗೆ ಸಮನಾದ 0.5 ಲೆನ್ಸಿನಲ್ಲಿ ಆ ಗೋಪುರ ಚಿತ್ರದ ಎತ್ತರದ 37ರಲ್ಲಿ ಒಂದು ಪಾಲು. 26 ಮಿ.ಮೀ.ನ ಮುಖ್ಯ ಲೆನ್ಸಿನಲ್ಲಿ 18ರಲ್ಲಿ ಒಂದು ಪಾಲು. 100 ಮಿ.ಮೀ. ಟೆಲಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು. 200ರಲ್ಲಿ ಐದರಲ್ಲಿ ಎರಡು. ಮೂವತ್ತೇಳರಲ್ಲಿ ಒಂದು ಪಾಲನ್ನು ಮುಖ್ಯ ವಿಷಯ ಎಂದು ಯಾರು ಒಪ್ಪುತ್ತಾರೆ? ಉಳಿದ ಮೂವತ್ತಾರು ಪಾಲನ್ನು ಆಕಾಶ, ಬಂಡೆ ಮತ್ತು ಪಕ್ಕದಲ್ಲಿ ಕೂತವರ ಮೊಣಕಾಲು ಹಂಚಿಕೊಳ್ಳುತ್ತವೆ. ಜೊತೆಗೆ, ಖಾಲಿ ಆಕಾಶ ಹೆಚ್ಚಾಯಿತೆಂದು ಫೋನನ್ನು ಕೆಳಕ್ಕೆ ಬಾಗಿಸುತ್ತಾರೆ. ಬಾಗಿಸಿದ ವೈಡ್ ಲೆನ್ಸಿನಲ್ಲಿ ಅಂಚಿನ ಗೋಡೆ, ಕಂಬಗಳೆಲ್ಲ ತಲೆ ಅಗಲಿಸಿಕೊಂಡು ಹೊರಕ್ಕೆ ವಾಲುತ್ತವೆ. ದೂರದಿಂದ ಟೆಲಿ ಹಿಡಿದರೆ ಬಾಗಿಸಬೇಕಾದ ಕೋನ ಕೆಲವೇ ಡಿಗ್ರಿ, ಹಾಗಾಗಿ ಗೆರೆಗಳು ನೆಟ್ಟಗೇ ಇರುತ್ತವೆ. 0.5 ಗುಂಡಿಗೆ ಬೆಟ್ಟದ ಮೇಲೆ ಒಂದೇ ಕೆಲಸ: ಕೈಗೆಟುಕುವಷ್ಟು ಹತ್ತಿರ, ಎರಡು ಮೂರು ಮೀಟರಿನೊಳಗೆ, ಗಟ್ಟಿಯಾದ ಮುನ್ನೆಲೆ ಇದ್ದಾಗ. ಅಂಥ ಮುನ್ನೆಲೆ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ.

ಟೆಲಿ ಲೆನ್ಸ್ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡುತ್ತದೆ, ಎತ್ತರದ ಅನುಭವವೇ ಹೋಗುತ್ತದೆ ಎಂಬ ಆಕ್ಷೇಪ ಹಳೆಯದು. ಅರ್ಧ ಸತ್ಯ ಅದು. ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಗಾತ್ರದ ಅನುಪಾತವನ್ನು ನಿರ್ಧರಿಸುವುದು ನೀವು ನಿಂತ ಜಾಗ, ಲೆನ್ಸ್ ಅಲ್ಲ. ಅದೇ ಜಾಗದಿಂದ ವೈಡ್‌ನಲ್ಲಿ ತೆಗೆದು ನಡುಭಾಗ ಕತ್ತರಿಸಿದರೂ ಅಷ್ಟೇ ಚಪ್ಪಟೆ ಕಾಣುತ್ತದೆ, ಮೇಲಾಗಿ ಚಿತ್ರ ಒಡೆದಿರುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು: ಎಲ್ಲರ ಫೋನಿನಲ್ಲಿ ಟೆಲಿ ಇರುವುದಿಲ್ಲ. ಪರದೆಯ ಮೇಲೆ ಬೆರಳಿನಿಂದ ಹಿಗ್ಗಿಸುವ ಝೂಮ್ ನಿಜವಾದ ಝೂಮ್ ಅಲ್ಲ. 12 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿದರೆ ಉಳಿಯುವ ನಿಜವಾದ ವಿವರ ಮುಕ್ಕಾಲು ಮೆಗಾಪಿಕ್ಸೆಲ್. 48 ಮೆಗಾಪಿಕ್ಸೆಲ್ ಸೆನ್ಸರಾದರೆ ಎರಡು ಪಟ್ಟಿನವರೆಗೆ ನಷ್ಟವಿಲ್ಲ, ಅಲ್ಲಿಗೆ ನಿಲ್ಲಿಸಿ. ಅದಕ್ಕೂ ಮೀರಿದ ಪರಿಹಾರವನ್ನು ಕಾಲೇ ಕೊಡುತ್ತದೆ. ಹೇಮಕೂಟದಲ್ಲಿ ಗೋಪುರಕ್ಕೆ ಸುಮಾರು ಕಾಲು ಕಿಲೋಮೀಟರ್ ದೂರದಲ್ಲಿ ನಿಂತು ಸಾಮಾನ್ಯ ಲೆನ್ಸಿನಲ್ಲಿ ತೆಗೆದರೆ, ಮತಂಗದಿಂದ ನಾಲ್ಕು ಪಟ್ಟು ಟೆಲಿಯಲ್ಲಿ ಸಿಗುವ ಗಾತ್ರವೇ ಸಿಗುತ್ತದೆ. ಐವತ್ತು ಸಾವಿರದ ಫೋನು ಮಾಡುವ ಕೆಲಸವನ್ನು ಕಡಿಮೆ ಎತ್ತರದ ಗುಡ್ಡ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಜಾಗ ಗೊತ್ತಾದ ಮೇಲೆ ಹೊತ್ತು. ಸೂರ್ಯೋದಯಕ್ಕೆ ಬೆಟ್ಟದ ಮೇಲೆ ಇರಲೇಬೇಕೆಂಬುದು ಪ್ರವಾಸಿಗರ ಕಟ್ಟಲೆ. ಸೂರ್ಯನ ಚಿತ್ರ ಬೇಕಾದವರು ಹಾಗೇ ಮಾಡಲಿ. ಕೆಳಗಿನ ದೇವಾಲಯಗಳು ಬೇಕಾದವರು ಬೆಟ್ಟಕ್ಕೂ ನೆರಳಿದೆ ಎಂಬುದನ್ನು ನೆನಪಿಡಬೇಕು. ನೂರು ಮೀಟರ್ ಎತ್ತರದ ಯಾವುದೇ ಬೆಟ್ಟದ ನೆರಳು, ಸೂರ್ಯ 5 ಡಿಗ್ರಿ ಮೇಲಿದ್ದಾಗ ಒಂದು ಕಿಲೋಮೀಟರಿಗೂ ಉದ್ದ. 10 ಡಿಗ್ರಿಯಲ್ಲಿ ಅದರ ಅರ್ಧ. 20 ಡಿಗ್ರಿಯಲ್ಲಿ ಮುನ್ನೂರು ಮೀಟರಿನೊಳಗೆ. ನಮ್ಮ ಕಡೆ ಬೆಳಿಗ್ಗೆ ಸೂರ್ಯ ಒಂದು ಡಿಗ್ರಿ ಏರಲು ನಾಲ್ಕೈದು ನಿಮಿಷ ಬೇಕು. ಅಂದರೆ ಮತಂಗದ ಪಶ್ಚಿಮ ಬುಡದಲ್ಲಿರುವ ಬಜಾರಿನ ಬಸವಣ್ಣನ ತುದಿಗೆ ಬಿಸಿಲು ತಡವಾಗಿಯೇ ಇಳಿಯುತ್ತದೆ, ಉದಯವಾದ ಮುಕ್ಕಾಲು ಗಂಟೆಯ ನಂತರವೇ ಆ ಕಡೆಯ ಚಿತ್ರಕ್ಕೆ ಜೀವ ಬರುತ್ತದೆ. ಅಷ್ಟರಲ್ಲಿ ಜನರೆಲ್ಲ ಇಳಿದು ಇಡ್ಲಿಗೆ ಹೋಗಿರುತ್ತಾರೆ. ಚಳಿಗಾಲದ ಸಂಜೆ ಇದೇ ನೆರಳು ಅಚ್ಯುತರಾಯ ದೇವಾಲಯದ ಕಡೆ ಚಾಚುತ್ತದೆ, ಅದೂ ಸೂರ್ಯ ಮುಳುಗುವುದಕ್ಕೆ ಬಹಳ ಮೊದಲೇ. ಆ ದೇವಾಲಯಕ್ಕೆ ಡಿಸೆಂಬರ್, ಜನವರಿಯ ಬೆಳಿಗ್ಗೆಯೇ ಸೂಕ್ತ: ಆಗ ಸೂರ್ಯ ಪೂರ್ವಕ್ಕಿಂತ ದಕ್ಷಿಣಕ್ಕೆ ಸರಿದು ಹುಟ್ಟುವುದರಿಂದ ಬೆಳಕು ಪಕ್ಕದಿಂದ ಬಿದ್ದು ಕಂಬಗಳ ಸಾಲು, ಗೋಡೆಯ ದಪ್ಪ ಎದ್ದು ಕಾಣುತ್ತವೆ. ಜೂನ್‌ನಲ್ಲಿ ಸೂರ್ಯ ಈಶಾನ್ಯದ ಕಡೆಗೆ ವಾಲಿ ಹುಟ್ಟುತ್ತಾನೆ, ಲೆನ್ಸಿನೊಳಗೇ ಹೊಡೆಯುತ್ತಾನೆ. ಹೇಮಕೂಟದಲ್ಲಿ ಇಷ್ಟು ತಲೆನೋವಿಲ್ಲ. ಅಲ್ಲಿಂದ ಗೋಪುರ ಉತ್ತರದ ಕಡೆಗಿರುವುದರಿಂದ ಬೆಳಿಗ್ಗೆ ಬಲದಿಂದ, ಸಂಜೆ ಎಡದಿಂದ ಬೆಳಕು. ಸೂರ್ಯನನ್ನು ಪೂರ್ತಿ ಬೆನ್ನಿಗೆ ಹಾಕಿಕೊಂಡು ಮೇಲಿನಿಂದ ತೆಗೆದರೆ ನೆರಳುಗಳೆಲ್ಲ ವಸ್ತುಗಳ ಹಿಂದೆ ಅಡಗಿ, ಚಿತ್ರ ಗೋಡೆಗೆ ಬಳಿದ ಬಣ್ಣದಂತಾಗುತ್ತದೆ.

ಮಬ್ಬಿನ ಬಗ್ಗೆ ಎರಡು ಮಾತು. ಎತ್ತರದಿಂದ ನೋಡುವಾಗ ನಿಮಗೂ ವಿಷಯಕ್ಕೂ ನಡುವೆ ಗಾಳಿ ಬಹಳ. ಬೇಸಿಗೆಯ ದೂಳು ತುಂಬಿದ ಗಾಳಿಯಲ್ಲಿ ಎಂಥ ಲೆನ್ಸೂ ಒಂದು ಕಿಲೋಮೀಟರಿನಾಚೆ ಬಿಳಿಚುತ್ತದೆ. ಮಳೆ ಬಿದ್ದು ಬಿಟ್ಟ ಮರುದಿನ ಅದೇ ದೃಶ್ಯ ತೊಳೆದಿಟ್ಟಂತಿರುತ್ತದೆ. ಪೋಲರೈಸರ್ ಇದ್ದರೆ ಸೂರ್ಯನಿಗೆ ಲಂಬಕೋನದ ದಿಕ್ಕಿನಲ್ಲಿ ಮಾತ್ರ ಅದರ ಪರಿಣಾಮ ಹೆಚ್ಚು. ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಭಾಗ ಕಪ್ಪು, ಒಂದು ಭಾಗ ಬಿಳಿ. ಎಕ್ಸ್‌ಪೋಷರ್‌ಗೆ ಗೋಪುರದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಆಕಾಶ ಬಿಳಿಚದಷ್ಟು ಸ್ವಲ್ಪ ಇಳಿಸಿ. ಎಡಿಟಿಂಗ್‌ನಲ್ಲಿ ಡೀಹೇಜ್ ಪಟ್ಟಿಯನ್ನು ಕೊನೆಯವರೆಗೆ ಎಳೆಯುವವರಿಗೆ ಹಂಪಿಯ ಬಂಡೆಗಳು ಇದ್ದಿಲಿನಂತೆ ಕಾಣುತ್ತವೆ.

ಬೇರೆ ಕಡೆಗೂ ಇದೇ ತರ್ಕ. ಶ್ರವಣಬೆಳಗೊಳದ ದೊಡ್ಡಬೆಟ್ಟದಿಂದ ಕಲ್ಯಾಣಿ ಮತ್ತು ಎದುರಿನ ಚಿಕ್ಕಬೆಟ್ಟ ಒಟ್ಟಿಗೆ ಬೇಕಿದ್ದರೆ ಪೂರ್ತಿ ಹತ್ತುವ ಮೊದಲೇ, ಚಿಕ್ಕಬೆಟ್ಟದ ನೆತ್ತಿ ಇನ್ನೂ ಕಣ್ಣಿನ ಮಟ್ಟ ದಾಟಿ ನಿಂತಿರುವಾಗಲೇ ತೆಗೆಯಿರಿ. ಚಪ್ಪಲಿ ಕೆಳಗೇ ಬಿಡಬೇಕು, ಹೊತ್ತೇರಿದರೆ ಕಲ್ಲು ಸುಡುತ್ತದೆ, ಕಾಲುಚೀಲ ಇರಲಿ. ಚಾಮುಂಡಿ ಬೆಟ್ಟದಿಂದ ಮೈಸೂರು ಅರಮನೆ ಸುಮಾರು ನಾಲ್ಕು ಕಿಲೋಮೀಟರ್. ಟೆಲಿ ಇಲ್ಲದೆ ಪ್ರಯೋಜನವಿಲ್ಲ. ಭಾನುವಾರ ರಾತ್ರಿ ಏಳರ ದೀಪಾಲಂಕಾರ ಬೇಕಾದವರಿಗೆ ಒಂದು ಗುಟ್ಟು: ಮೇ ಕೊನೆಯಿಂದ ಜುಲೈವರೆಗೆ ಏಳು ಗಂಟೆಗೆ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ, ಡಿಸೆಂಬರ್‌ನಲ್ಲಿ ಕಗ್ಗತ್ತಲು. ಮೋಡ ಬಿಟ್ಟುಕೊಟ್ಟರೆ ಮುಂಗಾರಿನ ಭಾನುವಾರವೇ ಮೇಲು.

ಜಾಗ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ಸಂರಕ್ಷಿತ ಸ್ಮಾರಕಗಳ ಬಳಿ ಡ್ರೋನ್‌ಗೂ ಒಳಗೆ ಟ್ರೈಪಾಡ್‌ಗೂ ಮುಂಚೆಯೇ ಅನುಮತಿ ಬೇಕು. ಅಲ್ಲಿ ಹೋಗಿ ವಾದ ಮಾಡಬೇಡಿ. ಕತ್ತಲಲ್ಲಿ ಒಂಟಿಯಾಗಿ ಹತ್ತಬೇಡಿ, ಟಾರ್ಚ್ ಫೋನಿನದ್ದಲ್ಲದೆ ಬೇರೆಯೇ ಇರಲಿ. ಇಬ್ಬನಿ, ಮಳೆ ಬಿದ್ದ ಬಂಡೆಯ ಇಳಿಜಾರಿನಲ್ಲಿ ನಯವಾದ ಅಡಿಯ ಬೂಟು ಅಪಾಯ. ಕೈಯಲ್ಲಿ ತಿಂಡಿ ಪೊಟ್ಟಣ ಇದ್ದರೆ ಕೋತಿ ಬಿಡುವುದಿಲ್ಲ, ಅದರ ಜೊತೆ ಫೋನೂ ಹೋಗಬಹುದು. ಪರದೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡಲೇಬೇಡಿ. ಚೌಕಟ್ಟಿಗೆ ಇನ್ನಷ್ಟು ಹಿಡಿಸಬೇಕೆನಿಸಿದರೆ ನಿಂತಲ್ಲೇ ನಿಂತು ಫೋನನ್ನು ಉದ್ದಕ್ಕೆ ಹಿಡಿದು ಎಡದಿಂದ ಬಲಕ್ಕೆ ನಾಲ್ಕೈದು ಚಿತ್ರ ತೆಗೆಯಿರಿ, ಒಂದರ ಅಂಚು ಇನ್ನೊಂದರ ಮೇಲೆ ಮೂರರಲ್ಲೊಂದು ಪಾಲು ಬರಲಿ. ಮನೆಗೆ ಬಂದ ಮೇಲೆ ಜೋಡಿಸಬಹುದು.