‘ನಾಯಕನ ಕತ್ತಿಯೂ ಕೆಂಪೇ ಅಲ್ವಾ, ಮಿಸ್?’

ಒಂಬತ್ತನೇ ತರಗತಿಗೆ ಕಥೆಯ ಮರುಸೃಷ್ಟಿ ಕುರಿತು ಪಾಠ ಮಾಡಲು ‘ಸ್ಟಾರ್ ವಾರ್ಸ್: ವಿಷನ್ಸ್’ ಸರಣಿಯ ‘ದ ಡ್ಯುಯಲ್’ ಆರಿಸಿಕೊಂಡೆ. 2021ರಲ್ಲಿ ಜಪಾನಿನ ಏಳು ಸ್ಟುಡಿಯೋಗಳು ತಯಾರಿಸಿದ ಒಂಬತ್ತು ಅನಿಮೇಷನ್ ಕಿರುಚಿತ್ರಗಳಲ್ಲಿ ಇದೊಂದು.

ಚಿತ್ರ ತೋರಿಸಿ, ಪಾಠಯೋಜನೆಯಲ್ಲಿದ್ದಂತೆ ‘ಮೂಲದಿಂದ ಏನೇನು ಬದಲಾಗಿದೆ?’ ಎಂದು ಕೇಳಿದೆ. ತರಗತಿ ಮೌನ. ಮೂಲ ಚಿತ್ರಗಳನ್ನು ನೋಡಿದ್ದವನು ಒಬ್ಬನೇ! ಪೂರ್ವಜ್ಞಾನ ಪರೀಕ್ಷಿಸದೆ ಮುಂದೆ ಹೋದದ್ದು ನನ್ನದೇ ತಪ್ಪು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಬರೆದುಕೊಳ್ಳುತ್ತಿದ್ದರು.

ಗಾಬರಿಯಲ್ಲೇ ‘ಏನೇನು ಕಂಡಿತು, ಹೇಳಿ’ ಎಂದೆ. ಕಪ್ಪು-ಬಿಳುಪು ಚಿತ್ರ, ಬೆಳಕಿಗೆ ಮಾತ್ರ ಬಣ್ಣ. ಕೊಡೆಯಂತೆ ಬಿಚ್ಚುವ ಬೆಳಕಿನ ಕತ್ತಿ. ಹಳ್ಳಿಯನ್ನು ಉಳಿಸುವ ಒಂಟಿ ಅಲೆಮಾರಿ. ಅಷ್ಟರಲ್ಲಿ ಒಬ್ಬಳು ಕೇಳಿದಳು: ‘ನಾಯಕನ ಕತ್ತಿಯೂ ಕೆಂಪೇ ಅಲ್ವಾ, ಮಿಸ್?’ ಮೂಲ ನೋಡಿದ್ದ ಹುಡುಗ ಎದ್ದು ನಿಂತ. ಅಲ್ಲಿ ಕೆಂಪು ಕತ್ತಿ ದುಷ್ಟರದು. ಹಾಗಾದರೆ ಇವನು ಯಾರು? ಚರ್ಚೆ ಬಿಸಿಯಾಯಿತು. ನನ್ನ ಪ್ರಶ್ನೆಗೆ ಉತ್ತರ ಅವರಲ್ಲೇ ಹುಟ್ಟಿತ್ತು.

ಆಮೇಲೆಯೇ ಹೇಳಿದೆ: ಜಾರ್ಜ್ ಲೂಕಾಸ್ ಅವರ 1977ರ ಮೂಲಕ್ಕೂ ಕುರೊಸಾವಾ ಅವರ 1958ರ ‘ದ ಹಿಡನ್ ಫೋರ್ಟ್ರೆಸ್’ ಪ್ರೇರಣೆ. ‘ಅಂದ್ರೆ ಸಾಲ ವಾಪಸ್ ಬಂತು’ ಎಂದ ಕೊನೆಯ ಸಾಲಿನವನೊಬ್ಬ. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ, ಅಂಕ ಕಡಿತವಾಯಿತು.